ಸ್ಕ್ಯಾನಿಂಗ್ ಕೊಠಡಿಗೆ ಐದು ಸ್ಟಾರ್, ಕೌಂಟರಿಗೆ ಎರಡು

ಹೊಗಳಿಕೆಯ ಜೊತೆಗೆ ದೂರೂ ಇರುವುದರಿಂದ ಈ ಡಯಾಗ್ನೋಸ್ಟಿಕ್ ಕೇಂದ್ರದ ಹೆಸರು ಬರೆಯುವುದಿಲ್ಲ. ನನ್ನ ತಮ್ಮನಿಗೆ ಸದಾ ಸುಸ್ತು, ನಾಲ್ಕು ತುತ್ತಿಗೇ ಹೊಟ್ಟೆ ಬಿಗಿತ, ಆಗಾಗ ಕಣ್ಣಿನಲ್ಲಿ ಹಳದಿ ಛಾಯೆ. ವೈದ್ಯರು ಅವನನ್ನು ಬಲಮಗ್ಗುಲಿಗೆ ಹೊರಳಿಸಿ, ದೀರ್ಘವಾಗಿ ಉಸಿರೆಳೆಯಲು ಹೇಳಿ, ಎಡ ಪಕ್ಕೆಲುಬಿನ ಕೆಳಗೆ ಬೆರಳೂರಿದರು. ವಯಸ್ಕರಲ್ಲಿ ಗುಲ್ಮ (ಸ್ಪ್ಲೀನ್) ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ, ಇವನದು ಸಿಕ್ಕಿತು. ಅಲ್ಟ್ರಾಸೌಂಡಿಗೆ ಚೀಟಿ ಬರೆದರು.

ಕೌಂಟರಿನವರದು ಬೇರೆಯೇ ಲೋಕ. ಖಾಲಿ ಹೊಟ್ಟೆಯಲ್ಲಿ ಬರಹೇಳಿ ಮಧ್ಯಾಹ್ನದವರೆಗೆ ಕೂರಿಸಿದರು. ಸಾಲದ್ದಕ್ಕೆ ಸಿಟಿ ಸ್ಕ್ಯಾನ್ ಸೇರಿದ ಪ್ಯಾಕೇಜನ್ನು ಕೊಳ್ಳುವಂತೆ ಬೆನ್ನು ಹತ್ತಿದರು. ವೈದ್ಯರ ಚೀಟಿಯಲ್ಲಿ ಇಲ್ಲದ, ವಿಕಿರಣವಿರುವ ಪರೀಕ್ಷೆಯನ್ನು ಕೌಂಟರಿನಲ್ಲಿ ಮಾರುವುದು ಯಾವ ನ್ಯಾಯ?

ಒಳಗಿದ್ದ ಸೋನಾಲಜಿಸ್ಟ್ ಮಾತ್ರ ಅಪರೂಪದವರು. ಗುಲ್ಮದ ಉದ್ದ 16 ಸೆಂಟಿಮೀಟರ್ ಬಂತು. ವಯಸ್ಕರಲ್ಲಿ 12–13 ದಾಟಿದರೆ ಹಿಗ್ಗಿದೆ ಎಂದೇ ಲೆಕ್ಕ. ಅಷ್ಟು ಬರೆದು ಕಳುಹಿಸುವವರೇ ಹೆಚ್ಚು. ಇವರು ಯಕೃತ್ತಿನ ಅಂಚು ನೋಡಿದರು, ಡಾಪ್ಲರ್ ಹಾಕಿ, ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದ ಹರಿವು ಪರೀಕ್ಷಿಸಿದರು. ಯಕೃತ್ತು ಗಾಯಗೊಂಡು ಗಟ್ಟಿಯಾಗುವ ಸಿರೋಸಿಸ್ ಆದರೆ ಅಲ್ಲಿ ಒತ್ತಡ ಏರಿ ಗುಲ್ಮ ಊದುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರಿನ ಸುಳಿವಿಗಾಗಿ ದುಗ್ಧಗ್ರಂಥಿಗಳನ್ನು ಹುಡುಕಿದರು. ಎರಡೂ ಇರಲಿಲ್ಲ. ಪಿತ್ತಕೋಶಕ್ಕೆ ಬಂದಾಗ ಕೈ ನಿಂತಿತು. ಪರದೆಯ ಮೇಲೆ ಸಣ್ಣ ಬಿಳಿ ಚುಕ್ಕೆಗಳು, ಹಿಂದೆ ಕಪ್ಪು ನೆರಳು. ತಮ್ಮ ಮಗ್ಗುಲು ಬದಲಿಸಿದಾಗ ಚುಕ್ಕೆಗಳೂ ಉರುಳಿದವು: ಕಲ್ಲುಗಳು.

“ಈ ವಯಸ್ಸಿಗೆ ಕಲ್ಲೇ? ಮನೆಯಲ್ಲಿ ಯಾರಾದರೂ ಪಿತ್ತಕೋಶ ತೆಗೆಸಿದ್ದಾರೆಯೇ?” ಎಂದು ಕೇಳಿದರು. ನಮ್ಮ ತಂದೆ ಮದುವೆಗೆ ಮುಂಚೆಯೇ ತೆಗೆಸಿದ್ದರು. ಕೆಂಪು ರಕ್ತಕಣಗಳು ಬೇಗ ಒಡೆಯುತ್ತಿರಬಹುದೇ ಎಂದು ನೋಡಬೇಕು ಎಂಬ ಸಾಲು ವರದಿಗೆ ಸೇರಿತು.

ರಕ್ತ ಪರೀಕ್ಷೆಯೂ ಅಲ್ಲೇ. ಯಂತ್ರದ ಎಣಿಕೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ, ಎಂಸಿಎಚ್‌ಸಿ (ಕೆಂಪುಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) ಹೆಚ್ಚು. ಆದರೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಪರೀಕ್ಷೆಯನ್ನು ಕೇಳಿ ಪಡೆಯಬೇಕಾಯಿತು. ಗುಲ್ಮದ ವಿಚಾರದಲ್ಲಿ ಅದನ್ನು ಬಿಟ್ಟರೆ ಹೇಗೆ? ಮಲೇರಿಯಾ ಪರಾವಲಂಬಿಯನ್ನೂ, ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾದ ಅಸಹಜ ಕಣಗಳನ್ನೂ ಹುಡುಕುವುದು ಅದರಲ್ಲೇ. ತಮ್ಮನ ಸ್ಮಿಯರಿನಲ್ಲಿ ಅವೆರಡೂ ಇರಲಿಲ್ಲ. ನಡುವಿನ ತಿಳಿಭಾಗ ಮಾಯವಾಗಿ ಗುಂಡಗಾದ ಪುಟ್ಟ ಕೆಂಪುಕಣಗಳಿದ್ದವು. ದೇಹದ ಪ್ರತಿಕಾಯಗಳೇ ಕೆಂಪುಕಣಗಳನ್ನು ಒಡೆಯುತ್ತಿವೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್. ಕೆಂಪುಕಣದ ಪೊರೆಯ ದೋಷ ಹುಡುಕುವ ಇಎಂಎ ಪರೀಕ್ಷೆಯೂ ಆದ ಮೇಲೆ ವೈದ್ಯರು ಆನುವಂಶಿಕ ಸ್ಫೆರೋಸೈಟೋಸಿಸ್ ಎಂದರು, ಅಂದರೆ ಕೆಂಪುಕಣಗಳು ಗುಂಡಗಾಗುವ, ವಂಶದಲ್ಲಿ ಬರುವ ಕಾಯಿಲೆ. ಆ ಗುಂಡು ಕಣಗಳನ್ನು ಗುಲ್ಮ ಹಿಡಿದು ಒಡೆಯುತ್ತದೆ, ಆ ದುಡಿಮೆಯಲ್ಲೇ ಹಿಗ್ಗುತ್ತದೆ. ಒಡೆದ ಕಣಗಳಿಂದ ಬರುವ ಬಿಲಿರುಬಿನ್ ಎಂಬ ಹಳದಿ ವಸ್ತು ಕಣ್ಣನ್ನು ಹಳದಿಯಾಗಿಸುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುತ್ತದೆ. ಹೊಟ್ಟೆಗೆ ಪೆಟ್ಟು ಬೀಳುವ ಆಟ ಬೇಡ, ಹಿಗ್ಗಿದ ಗುಲ್ಮ ಹರಿಯಬಹುದು ಎಂದೂ ವೈದ್ಯರು ಎಚ್ಚರಿಸಿದರು.

ಇಷ್ಟೆಲ್ಲದರ ಎಳೆ ಸಿಕ್ಕಿದ್ದು ಆ ಕತ್ತಲೆ ಕೊಠಡಿಯಲ್ಲಿ. ಕೌಂಟರಿನವರು ಮೊಬೈಲಿಗೆ ಕಳುಹಿಸಿದ್ದು ವರದಿಯ ಮೊದಲ ಪುಟ ಮಾತ್ರ. ಪಿತ್ತಕೋಶದ ಕಲ್ಲು, ರಕ್ತಕಣದ ಸಾಲು ಎರಡೂ ಎರಡನೆಯ ಪುಟದಲ್ಲಿದ್ದವು. ಹೋಗುವವರು ಧಾರಾಳವಾಗಿ ಹೋಗಿ, ಆದರೆ ಪೂರ್ತಿ ವರದಿ ಕೈಗೆ ಬರುವವರೆಗೆ ಅಲ್ಲಿಂದ ಕದಲಬೇಡಿ.