ಮೆತ್ತನೆ ಮಾತಿನ ನಾಯಕ ಗಟ್ಟಿಯಾ? ನಾನು ಹಿಡಿದು ನೋಡಿದ ನಾಲ್ಕು ಅಳತೆ

2024ರ ಡಿಸೆಂಬರ್ 26ರ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡರು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ನಮ್ಮೂರ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರೆಲ್ಲ ಅವರ ಗುಣಗಾನ ಶುರು ಮಾಡಿದರು. ಎಂಥಾ ಮನುಷ್ಯ ಕಣ್ರೀ, ಒಂದು ಮಾತು ಜಾಸ್ತಿ ಆಡಲಿಲ್ಲ ಅಂತ. ನನಗೆ ಒಳಗೇ ನಗು ಬಂತು. ಇದೇ ಜನ 2013ರಲ್ಲಿ ಇದೇ ಕಟ್ಟೆ ಮೇಲೆ ಕೂತು ಅವರನ್ನು ಕೋಲೆ ಬಸವ ಅಂದಿದ್ದರು. ನಾನೂ ಅಂದಿದ್ದೆ, ಸುಳ್ಳು ಯಾಕೆ ಹೇಳಲಿ.

ನಾನು ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ಕಡೆಯವನು. ಎರಡು ಸೀಮೆ ಹಸು, ಒಂದೂವರೆ ಎಕರೆ ಹಿಪ್ಪುನೇರಳೆ ಇದೆ. ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಮೇಲೆ ನಡೆದ ಮೊದಲ ದೊಡ್ಡ ಚುನಾವಣೆ, 1989ರದ್ದು. ಅದರಲ್ಲೇ ನನ್ನ ಮೊದಲ ಓಟು. ಅಲ್ಲಿಂದ ಇಲ್ಲಿವರೆಗೆ ಲೋಕಸಭೆಯಿಂದ ಹಿಡಿದು ಡೈರಿ ಚುನಾವಣೆವರೆಗೆ ಒಂದೂ ತಪ್ಪಿಸಿಲ್ಲ. ಜೋರು ಬಾಯಿಯವರನ್ನು ಅಳೆಯುವುದು ಅಷ್ಟು ಕಷ್ಟವಲ್ಲ, ಹೇಳಿದ್ದೇನು ಮಾಡಿದ್ದೇನು ಅಂತ ನೋಡಿದರೆ ಸಾಕು. ಈ ಮೆತ್ತಗೆ ಮಾತಾಡುವವರದ್ದೇ ತಲೆನೋವು. ಸುಮ್ಮನಿದ್ದಾರೆ ಅಂದರೆ ಶಕ್ತಿಯಿದೆ ಅಂತಲಾ, ಇಲ್ಲ ಅಂತಲಾ? ರಾಜಿ ಮಾಡಿಕೊಂಡರು ಅಂದರೆ ಜಾಣತನವಾ, ಹೆದರಿಕೆಯಾ? ಇದಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಅಳತೆ ಹಿಡಿದು ನೋಡಿದ್ದೇನೆ. ಯಾವುದು ಎಷ್ಟು ಕೆಲಸಕ್ಕೆ ಬಂತು ಅಂತ ಹೇಳುತ್ತೇನೆ.

ಮೊದಲನೆಯದು ಗಂಟಲು. ಇಪ್ಪತ್ತರ ವಯಸ್ಸಲ್ಲಿ ನನಗೆ ಇದೊಂದೇ ಗೊತ್ತಿದ್ದದ್ದು. ವೇದಿಕೆ ಹತ್ತಿ, ಮೈಕ್ ಕಿತ್ತುಕೊಂಡು, ಎದುರಾಳಿಗೆ ಏಕವಚನದಲ್ಲಿ ಬೈದವನೇ ಗಂಡಸು. ಇದರಲ್ಲಿ ಒಂದು ಅನುಕೂಲ ಇದೆ, ಒಂದು ಸಂಜೆಯಲ್ಲಿ ತೀರ್ಮಾನ ಆಗಿಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಈ ಅಳತೆ ಹಿಡಿದರೆ ಲಾಲ್ ಬಹದ್ದೂರ್ ಶಾಸ್ತ್ರಿ ಮೊದಲ ಸುತ್ತಿನಲ್ಲೇ ಔಟ್. ಗಿಡ್ಡ ಆಳು, ಸಣ್ಣ ದನಿ. ನೆಹರೂ ಆದಮೇಲೆ 1964ರಲ್ಲಿ ಪ್ರಧಾನಿಯಾದಾಗ ಈ ಮನುಷ್ಯ ದೇಶ ನಡೆಸ್ತಾನಾ ಅಂತ ನಮ್ಮ ತಾತನೂ ಕೇಳಿದ್ದರಂತೆ. ಮುಂದಿನ ವರ್ಷ ಸೆಪ್ಟೆಂಬರ್ 6ಕ್ಕೆ ನಮ್ಮ ಸೈನ್ಯ ಗಡಿ ದಾಟಿ ಲಾಹೋರ್ ಕಡೆ ನಡೆದಿತ್ತು. ಅದೇ ವರ್ಷ ಆಹಾರದ ಕೊರತೆ ಬಂದಾಗ ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ಶಾಸ್ತ್ರಿ ಕೇಳಿಕೊಂಡರು. ಅವತ್ತಿನಿಂದ ಸೋಮವಾರ ರಾತ್ರಿ ತಾತ ಮುದ್ದೆ ಮುಟ್ಟುತ್ತಿರಲಿಲ್ಲ. ಸಾಯುವವರೆಗೂ ಅಷ್ಟೇ. ಅಜ್ಜಿ ಬೈದುಕೊಂಡೇ ಅವರ ಪಾಲಿನ ಮುದ್ದೆಯನ್ನು ಹಸುವಿಗೆ ಹಾಕುತ್ತಿದ್ದಳು. ಹೀಗೆ ಊರಿಗೆ ಊರೇ ಹೊಟ್ಟೆ ಕಟ್ಟುವಂತೆ ಮಾಡೋಕೆ ಯಾವ ಗಂಟಲು ಬೇಕಿತ್ತು?

ಆದರೆ ಕೇಳಿ, ಅದೇ ಶಾಸ್ತ್ರಿ 1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಪಾಕಿಸ್ತಾನದ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸೈನಿಕರು ರಕ್ತ ಸುರಿಸಿ ಗೆದ್ದ ಹಾಜಿ ಪೀರ್ ಕಣಿವೆ ದಾರಿಯನ್ನು ವಾಪಸ್ ಕೊಡಬೇಕಾಯಿತು. ಮಾರನೇ ದಿನ ಬೆಳಗಾಗುವುದರೊಳಗೆ ಅಲ್ಲೇ ತೀರಿಕೊಂಡರು. ಗೆದ್ದದ್ದನ್ನ ಕೊಟ್ಟುಬಿಟ್ಟನಲ್ಲಪ್ಪಾ ಅಂತ ತಾತ ಬೇಜಾರು ಮಾಡಿಕೊಳ್ಳುತ್ತಿದ್ದರು. ಆದರೂ ಸೋಮವಾರದ ಉಪವಾಸ ಬಿಡಲಿಲ್ಲ. ಮೆಚ್ಚುಗೆ ಒಂದು ಕಡೆ, ಬೇಜಾರು ಒಂದು ಕಡೆ, ಎರಡನ್ನೂ ಅವರು ಇಟ್ಟುಕೊಂಡಿದ್ದರು. ನಮಗೆ ಈಗ ಅದು ಬರಲ್ಲ, ಒಂದೋ ದೇವರು, ಇಲ್ಲ ದ್ರೋಹಿ.

ಬೊಗಳೋ ನಾಯಿ ಕಚ್ಚಲ್ಲ ಅಂತಾರೆ, ನಿಜ ಇರಬಹುದು. ಹಾಗಂತ ಬೊಗಳದ ನಾಯಿಯೆಲ್ಲ ಕಚ್ಚುತ್ತೆ ಅಂತೇನೂ ಇಲ್ಲ. ಗಂಟಲಿನ ಅಳತೆಯನ್ನು ಎಸೆದ ಮೇಲೂ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಎರಡನೆಯದು ನಮ್ಮಪ್ಪ ಕೊಟ್ಟದ್ದು, ರಾಜೀನಾಮೆ. ಕುರ್ಚಿ ಬಿಟ್ಟು ಏಳ್ತಾನಾ ನೋಡು, ಆಗ ಗೊತ್ತಾಗುತ್ತೆ ಅನ್ನುತ್ತಿದ್ದರು. ಇದಕ್ಕೂ ಶಾಸ್ತ್ರಿಯೇ ಉದಾಹರಣೆ, 1956ರಲ್ಲಿ ಅರಿಯಲೂರು ರೈಲು ಅಪಘಾತ ಆದಾಗ ರೈಲ್ವೆ ಮಂತ್ರಿ ಪದವಿ ಬಿಟ್ಟವರು. ಅಪ್ಪನ ಇನ್ನೊಬ್ಬ ಹೀರೋ ರಾಮಕೃಷ್ಣ ಹೆಗಡೆ. ನಯವಾದ ಮಾತು, ಯಾರ ಮೇಲೂ ರೇಗಿದವರಲ್ಲ. 1984ರ ಕೊನೆಗೆ ಲೋಕಸಭೆಯಲ್ಲಿ ಜನತಾ ಪಕ್ಷ ಕರ್ನಾಟಕದ 28ರಲ್ಲಿ 4 ಸೀಟು ಮಾತ್ರ ಗೆದ್ದಾಗ ಮುಖ್ಯಮಂತ್ರಿ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೋದರು. 1985ರಲ್ಲಿ 139 ಸೀಟು ಬಂತು. ಅಪ್ಪ ಊರೆಲ್ಲ ಕಾಫಿ ಕುಡಿಸಿದರು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ವಿಷಯದಲ್ಲಿ ಮತ್ತೆ ರಾಜೀನಾಮೆ, ಕೆಲವೇ ದಿನಕ್ಕೆ ವಾಪಸ್. 1988ರಲ್ಲಿ ಫೋನ್ ಕದ್ದಾಲಿಕೆ ಗಲಾಟೆಯಲ್ಲಿ ನಿಜವಾಗಿಯೂ ಹೋದರು. ಮೂರು ಸಲಕ್ಕೂ ಕಾಗದ ಒಂದೇ ಥರ. ಮೊದಲನೆಯದು ಲೆಕ್ಕಾಚಾರವಾ ಧೈರ್ಯವಾ ಅಂತ ಅಪ್ಪನ ಹತ್ತಿರ ಎಷ್ಟು ಸಲ ಜಗಳ ಆಡಿದ್ದೇನೋ. ಎರಡೂ ಇರಬಹುದಲ್ಲೋ ಅಂತ ಒಂದು ಸಲ ಅಂದರು. ಅಲ್ಲಿಗೆ ಈ ಅಳತೆಯ ಮೇಲೆ ನನ್ನ ನಂಬಿಕೆ ಹೋಯಿತು.

ಮೂರನೆಯದು ನಮ್ಮ ಜಿಲ್ಲೆಯದ್ದೇ. ನೀರು ಬಂತಾ ಇಲ್ವಾ? ಮೆತ್ತಗಿರಲಿ, ಜೋರಿರಲಿ, ರಾಜಿ ಮಾಡಿಕೊಳ್ಳಲಿ, ಕೆರೆಗೆ ನೀರು ತಂದವನು ಗಟ್ಟಿ. ಬೋರ್‌ವೆಲ್ ಸಾವಿರದ ಇನ್ನೂರು ಅಡಿ ಕೊರೆಸಿ ಬರೀ ಧೂಳು ನೋಡಿದವರಿಗೆ ಇದಕ್ಕಿಂತ ನ್ಯಾಯವಾದ ಅಳತೆ ಯಾವುದಿದೆ ಅಂತ ನಾನೂ ಅಂದುಕೊಂಡಿದ್ದೆ.

ವೀರಪ್ಪ ಮೊಯ್ಲಿ 2009ರಲ್ಲಿ ಇಲ್ಲಿಂದ ಲೋಕಸಭೆಗೆ ಗೆದ್ದರು. ಗಲಾಟೆಯ ಮನುಷ್ಯ ಅಲ್ಲ. ಎತ್ತಿನಹೊಳೆ ಅಂದರು, ಪಶ್ಚಿಮ ಘಟ್ಟದ ಹೊಳೆ ನೀರನ್ನು ನಮ್ಮ ಒಣ ಜಿಲ್ಲೆಗಳಿಗೆ ತರುವ ಯೋಜನೆ. 2014ರ ಮಾರ್ಚ್‌ನಲ್ಲಿ, ಚುನಾವಣೆ ಬಾಗಿಲಲ್ಲಿದ್ದಾಗ, ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆ ಆಯಿತು. ಅವರು ಮತ್ತೆ ಗೆದ್ದರು. ಆ ಸಲ ನಾನು ಓಟು ಹಾಕಿದ್ದು ಆ ಕಲ್ಲು ನೋಡಿ. ಐದು ವರ್ಷ ಆಯಿತು, ನೀರು ಬರಲಿಲ್ಲ. 2019ರಲ್ಲಿ ಬಚ್ಚೇಗೌಡರ ಎದುರು ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಓಟಿನಿಂದ ಸೋತರು. ಎತ್ತಿನಹೊಳೆಯ ಮೊದಲ ಹಂತ ಸಕಲೇಶಪುರದ ಕಡೆ ಉದ್ಘಾಟನೆ ಆಗಿದ್ದು 2024ರ ಸೆಪ್ಟೆಂಬರ್ 6ಕ್ಕೆ. ನಮ್ಮೂರ ಕೆರೆಗೆ ಅದರ ಒಂದು ತೊಟ್ಟೂ ಇನ್ನೂ ಬಂದಿಲ್ಲ. ಈ ನಡುವೆ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಡೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಟ್ಟರು. ಕಂದವಾರ ಕೆರೆ ತುಂಬಿತು. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ಹೋರಾಟದವರು ಕೇಳುತ್ತಲೇ ಇದ್ದಾರೆ. ನಾವು ಕೇಳಿದ್ದು ಹೊಳೆ, ಕೊಟ್ಟಿದ್ದು ಬಚ್ಚಲ ನೀರು ಅಂತ ನಾನು ಗೊಣಗಿದರೆ ನನ್ನ ಹೆಂಡತಿ, ನೀರು ಕಂಡು ಎಷ್ಟು ವರ್ಷ ಆಗಿತ್ತು ಸುಮ್ನಿರಿ ಅಂತಾಳೆ. ಈ ರಾಜಿ ಒಳ್ಳೆಯದಾ ಕೆಟ್ಟದ್ದಾ ಅಂತ ನಮ್ಮ ಮನೆಯಲ್ಲೇ ಇನ್ನೂ ತೀರ್ಮಾನ ಆಗಿಲ್ಲ.

ನೀರಿನ ಅಳತೆಯ ತೊಂದರೆ ಏನೆಂದರೆ, ಒಬ್ಬ ಉಳುತ್ತಾನೆ, ಇನ್ನೊಬ್ಬ ಬಿತ್ತುತ್ತಾನೆ, ಮೂರನೆಯವನು ಬಂದು ಟೇಪು ಕತ್ತರಿಸುತ್ತಾನೆ. ಅಷ್ಟರಲ್ಲಿ ಮೂರು ಚುನಾವಣೆ ಮುಗಿದಿರುತ್ತದೆ. 2016ರ ಮಾರ್ಚ್‌ನಲ್ಲಿ ನೀರಿಗಾಗಿ ಟ್ರ್ಯಾಕ್ಟರ್ ಹೊಡೆದುಕೊಂಡು ಬೆಂಗಳೂರಿನ ಕಡೆ ಹೋದ ಜನರಲ್ಲಿ ನಾನೂ ಒಬ್ಬ. ಅವತ್ತು ದಾರಿಯಲ್ಲಿ ಒಂದು ಯೋಚನೆ ಬಂತು. ಗದ್ದಲ ಮಾಡೋದು ನಮ್ಮ ಕೆಲಸ, ಅದನ್ನು ಇಟ್ಟುಕೊಂಡು ಒಳಗೆ ಕೂತು ಮಾತಾಡೋದು ಅವರ ಕೆಲಸ. ಅವರೂ ಬೀದಿಗೆ ಬಂದು ನಮ್ಮ ಜೊತೆ ಕಿರುಚಿದರೆ ಒಳಗೆ ಯಾರಿರ್ತಾರೆ?

ನಾಲ್ಕನೆಯದು ಸಿಕ್ಕಿದ್ದು ಡೈರಿಯಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ನಮ್ಮ ಡೈರಿಗೆ ಒಬ್ಬರಾದ ಮೇಲೆ ಒಬ್ಬರಂತೆ ಇಬ್ಬರು ಅಧ್ಯಕ್ಷರು. ಮೊದಲನೆಯವರು ಜೋರು, ಎರಡನೆಯವರು ಮೆತ್ತಗೆ. ಇಬ್ಬರ ಕಾಲದಲ್ಲೂ ಒಂದೇ ಥರದ ಅನಾಹುತ ಆಯಿತು. ರಾತ್ರಿ ಕರೆಂಟ್ ಹೋಯಿತು, ಹಿಂದಿನ ವಾರವಷ್ಟೇ ರಿಪೇರಿ ಮಾಡಿಸಿದ್ದ ಜನರೇಟರ್ ಕೈಕೊಟ್ಟಿತು, ಕೂಲರ್‌ನಲ್ಲಿದ್ದ ಹಾಲು ಒಡೆಯಿತು. ಹತ್ತಿರ ಹತ್ತಿರ 50 ಸಾವಿರ ಲುಕ್ಸಾನು.

ಜೋರಿನವರು ರಿಪೇರಿ ಮಾಡಿದವನನ್ನು ಡೈರಿ ಮುಂದೆಯೇ ನಿಲ್ಲಿಸಿ ಜಾಡಿಸಿದರು. ಕೇಸ್ ಹಾಕ್ತೀನಿ, ನಿನ್ನ ಅಂಗಡಿಗೆ ಬೀಗ ಜಡಿಸ್ತೀನಿ ಅಂತ. ನಾವೆಲ್ಲ ಸುತ್ತ ನಿಂತು ಖುಷಿಪಟ್ಟೆವು. ಆಮೇಲೆ ಕೇಸೂ ಇಲ್ಲ, ದುಡ್ಡೂ ಇಲ್ಲ. ಆ ಮನುಷ್ಯ ಮತ್ತೆ ನಮ್ಮೂರ ದಿಕ್ಕಿಗೇ ತಲೆ ಹಾಕಲಿಲ್ಲ.

ಮೆತ್ತಗಿನವರು ಬೇರೆ ರಿಪೇರಿಯವನ ಅಂಗಡಿಗೆ ತಾವೇ ಹೋದರು. ಮೂರು ಸಲ ಹೋದರು. ಕೊನೆಗೆ ಅರ್ಧ ದುಡ್ಡು ತಂದರು. ಊರಲ್ಲಿ ಏನಂದರು ಗೊತ್ತಾ? ಅರ್ಧಕ್ಕೆ ಬಿಟ್ಟು ಬಂದ, ಇನ್ನರ್ಧದಲ್ಲಿ ಇವನ ಪಾಲೆಷ್ಟೋ. ಸೊನ್ನೆ ತಂದವರಿಗೆ ಚಪ್ಪಾಳೆ, 25 ಸಾವಿರ ತಂದವರಿಗೆ ಅನುಮಾನ.

ಅವರ ಕಾಲದಲ್ಲೇ ಇನ್ನೊಂದು ನಡೆಯಿತು. ಸಂಜೆ ಹೊತ್ತು, ಲೈನಿನಲ್ಲಿ ನನ್ನ ಮುಂದೆ ಅವರ ಭಾಮೈದ ನಿಂತಿದ್ದ. ಹಾಲಿಗೆ ನೀರು ಬೆರೆತಿದೆಯಾ ಅಂತ ನೋಡುವ ಲ್ಯಾಕ್ಟೋಮೀಟರ್ ಬಿಟ್ಟರು. 28ರ ಮೇಲೆ ನಿಲ್ಲಬೇಕಾದದ್ದು 22ಕ್ಕೆ ಇಳಿಯಿತು. ಕಾರ್ಯದರ್ಶಿ ಇನ್ನೊಂದು ಸಲ ಬಿಟ್ಟ, ಮತ್ತೆ 22. ಅವನು ಪೆನ್ನು ಹಿಡಿದುಕೊಂಡು ಅಧ್ಯಕ್ಷರ ಮುಖ ನೋಡಿದ. ಬರ್ಕೊಳ್ಳಲಾ ಅಂತ ಬಾಯಿಬಿಟ್ಟು ಕೇಳಲಿಲ್ಲ, ಕಣ್ಣಲ್ಲೇ ಕೇಳಿದ. ಅಧ್ಯಕ್ಷರು ತಲೆ ಎತ್ತಲಿಲ್ಲ. "ವಾಪಸ್ ಕೊಡಪ್ಪ" ಅಂದರು. ಹಿಂದೆ ನಿಂತ ಮೂರನೆಯವನಿಗೆ ಕೇಳಿಸಿರಲಿಕ್ಕಿಲ್ಲ, ಅಷ್ಟು ಮೆತ್ತಗೆ. ಭಾಮೈದ ಕ್ಯಾನ್ ಎತ್ತಿಕೊಂಡು ಹೊರಗೆ ಹೋಗಿ ಚರಂಡಿಗೆ ಸುರಿದ. ಆಮೇಲೆ ಎರಡು ವರ್ಷ ಆ ಎರಡು ಮನೆಗೂ ಮಾತಿರಲಿಲ್ಲ. ಹಬ್ಬಕ್ಕೂ ಹೋಗಿ ಬರುವುದು ನಿಂತಿತ್ತು.

ನನ್ನ ಅಳತೆ ಇಷ್ಟೇ. ಎದುರಾಳಿಗೆ ಆಗಲ್ಲ ಅನ್ನೋಕೆ ಖರ್ಚೇ ಇಲ್ಲ. ತನ್ನವರಿಗೆ ಆಗಲ್ಲ ಅಂದನಾ?

ಇದನ್ನು ಹಿಡಿದು ಮನಮೋಹನ್ ಸಿಂಗ್ ಅವರನ್ನು ನೋಡಿದರೆ ಒಂದೇ ಮಾರ್ಕ್ ಕೊಡೋಕೆ ಆಗಲ್ಲ. 2008ರ ಜುಲೈನಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದ ಬಿಡಿ ಅಂತ ಎಡಪಕ್ಷಗಳು ಹಟ ಹಿಡಿದವು. ನಾಲ್ಕು ವರ್ಷ ಸರ್ಕಾರವನ್ನು ಎತ್ತಿ ಹಿಡಿದವರೇ ಅವರು. ಇವರು ಬಿಡಲಿಲ್ಲ, ಅವರು ಬೆಂಬಲ ವಾಪಸ್ ಪಡೆದರು. ಜುಲೈ 22ರಂದು 275ಕ್ಕೆ 256 ಓಟಿನಲ್ಲಿ ಸರ್ಕಾರ ಉಳಿಯಿತು. ಹೋಗಿದ್ದರೂ ಹೋಗುತ್ತಿತ್ತು. ಅವತ್ತು ಆ ಮನುಷ್ಯ ಗಟ್ಟಿ. ಮೊಬೈಲ್ ತರಂಗಾಂತರ ಹಂಚಿಕೆಯ 2ಜಿ ಹಗರಣ ಬಂದಾಗ, 2011ರಲ್ಲಿ, ಮೈತ್ರಿ ಸರ್ಕಾರ ಅಂದಮೇಲೆ ಕೆಲವಕ್ಕೆ ರಾಜಿ ಆಗಬೇಕಾಗುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಅಲ್ಲಿ ನನಗೆ ಕಂಡದ್ದು ಭಾಮೈದನ ಹಾಲನ್ನು 28 ಅಂತ ಬರೆದುಕೊಂಡ ಹಾಗೆ. 2013ರ ಸೆಪ್ಟೆಂಬರ್‌ನಲ್ಲಿ ಶಿಕ್ಷೆಯಾದ ಜನಪ್ರತಿನಿಧಿಗಳ ಸ್ಥಾನ ಉಳಿಸುವ ಸುಗ್ರೀವಾಜ್ಞೆಯನ್ನು ಅವರ ಪಕ್ಷದ ರಾಹುಲ್ ಗಾಂಧಿಯೇ ಪತ್ರಕರ್ತರ ಮುಂದೆ ನಾನ್‌ಸೆನ್ಸ್ ಅಂದರು. ಪ್ರಧಾನಿ ಆಗ ಅಮೆರಿಕದಲ್ಲಿದ್ದರು. ವಾಪಸ್ ಬಂದ ಮೇಲೆ ಸಂಪುಟ ಅದನ್ನು ಹಿಂದಕ್ಕೆ ಪಡೆಯಿತು. ಆ ಸುಗ್ರೀವಾಜ್ಞೆ ಹೋಗಿದ್ದೇ ಒಳ್ಳೆಯದು, ಅದು ಬೇರೆ ಮಾತು. ಆದರೆ ಹೋದ ರೀತಿ ಇದೆಯಲ್ಲ. ಅಪ್ಪನ ಅಳತೆಯಲ್ಲಿ ಅವತ್ತೇ ಎದ್ದು ಬರಬೇಕಿತ್ತು. ಬರಲಿಲ್ಲ.

2009ರಲ್ಲಿ ಕಾಂಗ್ರೆಸ್‌ಗೆ 206 ಸೀಟು ಕೊಟ್ಟ ಜನ 2014ರಲ್ಲಿ 44 ಕೊಟ್ಟರು. ಮೌನಕ್ಕೆ ಶಿಕ್ಷೆ ಅಂತ ಟಿವಿಯವರು ಹೇಳಿದರು. ನಮ್ಮ ಕಟ್ಟೆ ಮೇಲೆ ಬೆಲೆ ಏರಿಕೆಯ ಮಾತೇ ಜಾಸ್ತಿ ಇತ್ತಪ್ಪ. ಇತಿಹಾಸ ನನ್ನ ಬಗ್ಗೆ ಸ್ವಲ್ಪ ಮೃದುವಾಗಿರುತ್ತದೆ ಅಂತ 2014ರ ಜನವರಿಯಲ್ಲಿ ಅವರು ಹೇಳಿದಾಗ ನಾವು ನಕ್ಕಿದ್ದೆವು. ಹತ್ತು ವರ್ಷ ಹೋಗಿ ನೋಡಿದರೆ ಡೈರಿ ಲೈನೇ ಮೃದುವಾಗಿತ್ತು.

ಈ ನಾಲ್ಕನೇ ಅಳತೆಗೂ ದೊಡ್ಡ ತೊಂದರೆ ಇದೆ, ಮುಚ್ಚಿಡಲ್ಲ. ತನ್ನವರಿಗೆ ಆಗಲ್ಲ ಅನ್ನುವುದು ಬಾಗಿಲು ಹಾಕಿಕೊಂಡು ನಡೆಯುವ ಕೆಲಸ. ಓಟು ಹಾಕುವವನಿಗೆ ಅದು ಕಾಣಿಸುವುದು ಹತ್ತರಲ್ಲಿ ಒಂದು ಸಲ. ಕಂಡರೂ ನಾವು ನೆನಪಿಟ್ಟುಕೊಳ್ಳುತ್ತೇವಾ? ನಾನು ಲೈನಿನಲ್ಲಿ ಕಣ್ಣಾರೆ ನೋಡಿದ್ದೆ. ಮುಂದಿನ ಚುನಾವಣೆಗೆ ಅದೇ ಭಾಮೈದ ಎದುರು ನಿಂತ, ನೆಂಟರ ಓಟೆಲ್ಲ ಆ ಕಡೆ ಹೋಯಿತು, ಮೆತ್ತಗಿನವರು 11 ಓಟಿಗೆ ಸೋತರು. ಅವತ್ತು ನಾನೂ ಅವರಿಗೆ ಹಾಕಲಿಲ್ಲ. ಆ ಅರ್ಧ ದುಡ್ಡಿನ ಅನುಮಾನ ನನಗೂ ಇತ್ತು.

ಆಮೇಲೆ ನಾನೇ ನಿರ್ದೇಶಕನಾದೆ. ಒಂದು ಮಧ್ಯಾಹ್ನ ಏನೋ ಹುಡುಕುತ್ತಾ ಹಳೇ ಠರಾವು ಪುಸ್ತಕ ತಿರುವಿ ಹಾಕಿದಾಗ ಆ ಜನರೇಟರ್ ಒಪ್ಪಂದ ಕಣ್ಣಿಗೆ ಬಿತ್ತು. 25 ಸಾವಿರ ನಗದು, ಐದು ವರ್ಷ ಉಚಿತ ಸರ್ವಿಸ್, ಬಿಡಿಭಾಗ ಅವನದ್ದೇ. ಕೆಳಗೆ ಇವರ ಸಣ್ಣ ಅಕ್ಷರದ ಸಹಿ. ಇದನ್ನು ಸಭೆಯಲ್ಲಿ ಓದಿದ್ದರಂತೆ. ಯಾರಿಗೂ ಕೇಳಿಸಿರಲಿಲ್ಲ ಅನಿಸುತ್ತೆ.

ಈ ವರ್ಷ ಮತ್ತೆ ಡೈರಿ ಚುನಾವಣೆ. ಹೋದ ವಾರ ಸಂಜೆ ಲೈನಿನಲ್ಲಿ ಅವರು ನನ್ನ ಮುಂದೆಯೇ ಇದ್ದರು, ಐದು ಲೀಟರ್ ಕ್ಯಾನ್ ಹಿಡಿದುಕೊಂಡು. "ಅಣ್ಣಾ, ಈ ಸಲ ನಿಲ್ತೀರಾ?" ಅಂತ ಕೇಳಿದೆ. ತಿರುಗಿ ನನ್ನ ಮುಖ ನೋಡಿ ಏನೋ ಅಂದರು. ಅಷ್ಟರಲ್ಲಿ ಕರೆಂಟ್ ಹೋಗಿ ಜನರೇಟರ್ ಶುರುವಾಯಿತು, ಕೇಳಿಸಲಿಲ್ಲ.