ಜನವರಿಯ ಗುರಿ, 36,000 ರೂಪಾಯಿಯ ಕ್ಲಾಸು, ವಾಪಸ್ ಬಂದ ಜೀನ್ಸ್

ಮೊನ್ನೆ ರಾತ್ರಿ ಸಿರುಗುಪ್ಪದಿಂದ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ಆನ್‌ಲೈನ್ ಬಿಸಿನೆಸ್ ಕಲಿಸೋ ಕ್ಲಾಸ್ ಒಂದು ಐತಿ. ಇವತ್ತು ಹನ್ನೆರಡು ಗಂಟೆ ಒಳಗ ಕಟ್ಟಿದ್ರ ಅರ್ಧ ರೇಟಂತ. ಸೇರ್ಲೇನು?" ಅಂದಳು. ಲಿಂಕ್ ಕಳಿಸು ಅಂದೆ. ತೆಗೆದು ನೋಡಿದರೆ ಮುಖ ಬೇರೆ, ಮಾತು ಮಾತ್ರ ಅದೇ. ಹೋದ ವರ್ಷ ಇದೇ ಜನವರಿಯಲ್ಲಿ ನಾನು ಕೇಳಿದ್ದ ಅದೇ ಮಾತು. "ಒಂದು ರೂಪಾಯಿನೂ ಕಟ್ಟಬೇಡ, ನಾಳೆ ಮಾತಾಡೋಣ" ಅಂತ ಹೇಳಿ ಫೋನ್ ಇಟ್ಟೆ.

ನನಗೆ ಏನಾಯ್ತು ಅಂತ ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಅವಳಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಆ ಲಿಂಕ್ ಒತ್ತುತ್ತಲೇ ಇರಲಿಲ್ಲ ಅನ್ನಿಸಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಇರುವುದು ಬಳ್ಳಾರಿ ಕೌಲ್ ಬಜಾರ್ ಕಡೆ. ನಮ್ಮ ಮನೆಯವರು ಜೀನ್ಸ್ ಯೂನಿಟ್ ಒಂದರಲ್ಲಿ ಹೊಲಿಯುತ್ತಾರೆ. ನಾನು ಮನೆಯಲ್ಲೇ ಕೂತು ಹೊಲಿದು ಬಂದ ಪ್ಯಾಂಟಿನ ದಾರ ಕತ್ತರಿಸುತ್ತೇನೆ. ಬ್ರಿಟಿಷರ ಕಾಲದಲ್ಲಿ ಇಲ್ಲಿ ದಂಡು ಇತ್ತು, ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದವರಿಂದ ಈ ಕಸುಬು ಬೆಳೆಯಿತು ಅಂತ ಹಿರಿಯರು ಹೇಳುತ್ತಾರೆ. ಈಗ ಓಣಿ ಓಣಿಯಲ್ಲೂ ಮಷೀನ್ ಸದ್ದು. ಇಲ್ಲಿಂದ ಹೋದ ಪ್ಯಾಂಟ್ ಬೇರೆ ಊರಿನ ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟ ಆಗುತ್ತೆ ಅಂತ ನಮಗೆ ಗೊತ್ತು. ನಾವೇ ಯಾಕೆ ನೇರ ಮಾರಬಾರದು ಅಂತ ಅನ್ನಿಸಿದ್ದು ತಪ್ಪಲ್ಲ. ಈಗಲೂ ತಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ.

ಹೋದ ವರ್ಷ ನಾನು ಸೇರಿದ ಕ್ಲಾಸಿನ ಮೊದಲ ದಿನ ಉಚಿತ. ಭಾನುವಾರ ಬೆಳಿಗ್ಗೆ ಜೂಮ್‌ನಲ್ಲಿ ಎರಡು ತಾಸು. ಕಲಿಸುವ ಮನುಷ್ಯ ಜೀನ್ಸ್ ಬಗ್ಗೆಯಾಗಲಿ, ಕೊರಿಯರ್ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ. ಪುಸ್ತಕ ಪೆನ್ನು ತಗೊಳ್ಳಿ, ಬರುವ ಡಿಸೆಂಬರ್ 31ಕ್ಕೆ ತಿಂಗಳಿಗೆ ಎಷ್ಟು ದುಡಿಯುತ್ತಿರಬೇಕು ಬರೆಯಿರಿ ಅಂದರು.

ನಾನು 8,000 ಅಂತ ಬರೆದೆ. ಸುಮ್ನೆ ಬರೆದದ್ದಲ್ಲ. ಮನೆ ಬಾಡಿಗೆ 5,500. ಮಗಳ ಸ್ಕೂಲು ಮತ್ತು ಆಟೋಗೆ ತಿಂಗಳಿಗೆ 2,500. ಇವೆರಡು ನನ್ನ ದುಡಿಮೆಯಿಂದ ಹೋದರೆ ನಮ್ಮ ಮನೆಯವರ ಸಂಬಳದಲ್ಲಿ ಮನೆ ನಡೆದು ಸ್ವಲ್ಪ ಉಳಿಯುತ್ತಿತ್ತು. ಲೆಕ್ಕ ಹಾಕಿಯೇ ಬರೆದಿದ್ದೆ.

ಆಮೇಲೆ ಎಲ್ಲರೂ ಬರೆದದ್ದನ್ನು ಚಾಟ್‌ನಲ್ಲಿ ಹಾಕಲು ಹೇಳಿದರು. ಒಬ್ಬರಾದ ಮೇಲೆ ಒಬ್ಬರು 1 ಲಕ್ಷ, 2 ಲಕ್ಷ ಅಂತ ಹಾಕುತ್ತಾ ಹೋದರು. "ಹತ್ತು ಸಾವಿರದ ಒಳಗೆ ಬರೆದವರು ಹೊಡೆದು ಹಾಕಿ. ಸಣ್ಣದು ಕೇಳಿದರೆ ದೇವರೂ ಸಣ್ಣದೇ ಕೊಡ್ತಾನೆ" ಅಂದರು. ನಾನು 8,000ದ ಮೇಲೆ ಗೀಟು ಹೊಡೆದೆ. ಕೆಳಗೆ 1,00,000 ಬರೆದೆ. ಆ ಹಾಳೆಯನ್ನು ಅಡುಗೆ ಮನೆ ಗೋಡೆಗೆ ಅಂಟಿಸಿದೆ. ಇವತ್ತು ಯೋಚಿಸಿದರೆ, ನನ್ನ ದುಡ್ಡು ಹೋಗಿದ್ದು ಕಂತಿಗೆ ಸಹಿ ಮಾಡಿದಾಗ ಅಲ್ಲ, ಆ ಗೀಟು ಹೊಡೆದಾಗ.

ಅವರು ಲಕ್ಷದ ಲೆಕ್ಕ ತೋರಿಸಿದ್ದು ಹೀಗೆ. ಪ್ಯಾಂಟ್ ನಿಮಗೆ 380ಕ್ಕೆ ಸಿಗುತ್ತೆ. 799ಕ್ಕೆ ಮಾರಿ. ಒಂದಕ್ಕೆ 419 ಉಳೀತು. ದಿನಕ್ಕೆ 10 ಆರ್ಡರ್, ತಿಂಗಳಿಗೆ 30 ದಿನ. 1,25,700 ರೂಪಾಯಿ! ಕ್ಯಾಲ್ಕುಲೇಟರ್‌ನಲ್ಲಿ ಅಂಕಿ ಸರಿಯಾಗೇ ಬರುತ್ತೆ. ನಾನು ಎರಡು ಸಲ ಒತ್ತಿ ನೋಡಿದೆ.

ಕ್ಲಾಸಿನ ಫೀಸ್ 36,000. ಕೈಯಲ್ಲಿ ಅಷ್ಟು ಇಲ್ಲ ಅಂದೆ. "ಏನೂ ತೊಂದರೆ ಇಲ್ಲ ಮೇಡಂ, ಕಂತು ಮಾಡಿಕೊಡ್ತೀವಿ" ಅಂತ ಒಬ್ಬ ಹುಡುಗಿ ಫೋನ್‌ನಲ್ಲೇ ಆಧಾರ್, ಪ್ಯಾನ್, ಓಟಿಪಿ ಕೇಳಿ ಮುಗಿಸಿದಳು. ಹತ್ತು ನಿಮಿಷದ ಕೆಲಸ. ನಾನು ಅಂದುಕೊಂಡಿದ್ದು ಅವರಿಗೇ ತಿಂಗಳು ತಿಂಗಳು ಕಟ್ಟುತ್ತೇನೆ ಅಂತ. ಅದು ಸಾಲದ ಕಂಪನಿಯೊಂದರಿಂದ ನನ್ನ ಹೆಸರಲ್ಲಿ ತೆಗೆದ ಸಾಲ. ದುಡ್ಡು ನೇರ ಅವರಿಗೆ ಹೋಯ್ತು. 18 ಕಂತು, ಒಂದೊಂದು 2,350. ಒಟ್ಟು 42,300. ಕ್ಲಾಸ್ ನಿಂತರೂ ಕಂತು ನಿಲ್ಲುವುದಿಲ್ಲ, ಯಾಕಂದ್ರೆ ಸಾಲಕ್ಕೂ ಕ್ಲಾಸಿಗೂ ಸಂಬಂಧವೇ ಇಲ್ಲ ಅಂತಾರೆ.

ಇಲ್ಲಿ ಒಂದು ವಿಷಯ ಖಂಡಿತ ನೆನಪಿಡಿ. ಹೀಗೆ ಮೊಬೈಲ್‌ನಲ್ಲಿ ಕೊಡುವ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಸಾಲ ಬೇಡ ಅನ್ನಿಸಿದರೆ ಹಿಂದೆ ಸರಿಯಲು ಸ್ವಲ್ಪ ಕಾಲಾವಕಾಶ ಕೊಡಲೇಬೇಕು, ಅದು ಕನಿಷ್ಠ ಒಂದು ದಿನ. ಆ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿದರೆ ದಂಡ ಇಲ್ಲದೆ ಸಾಲ ಮುಗಿಯುತ್ತೆ. ಸಾಲದ ಕಾಗದದಲ್ಲಿ ಎಷ್ಟು ದಿನ ಅಂತ ಬರೆದಿರುತ್ತೆ. ನನಗೆ ಆ ಕಾಗದ ಇಮೇಲ್‌ಗೆ ಬಂದಿತ್ತು. ತೆಗೆದು ನೋಡಿದ್ದು ಐದು ತಿಂಗಳಾದ ಮೇಲೆ.

ಮುಂದಿನ ವಾರ "ಎಂಎಸ್‌ಎಂಇ ಸರ್ಟಿಫಿಕೇಟ್ ಮಾಡಿಸಬೇಕು" ಅಂತ 2,500 ತಗೊಂಡರು. ಅದು ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ. ಸರ್ಕಾರದ ವೆಬ್‌ಸೈಟಿನಲ್ಲಿ ಆಧಾರ್ ಇಟ್ಟುಕೊಂಡು ನಾವೇ ಮಾಡಬಹುದು, ಒಂದು ಪೈಸೆ ಫೀಸ್ ಇಲ್ಲ. ಜಿಎಸ್‌ಟಿ ನೋಂದಣಿಗೂ ಸರ್ಕಾರಕ್ಕೆ ಕಟ್ಟುವ ಫೀಸ್ ಇಲ್ಲ.

ಜಿಎಸ್‌ಟಿ ವಿಷಯ ಬಳ್ಳಾರಿಯವರು ಇನ್ನೂ ಜಾಸ್ತಿ ಗಮನ ಕೊಡಬೇಕು. "ವಹಿವಾಟು 40 ಲಕ್ಷ ದಾಟೋವರೆಗೆ ಜಿಎಸ್‌ಟಿ ಚಿಂತೆ ಬೇಡ" ಅಂತ ಕ್ಲಾಸಿನಲ್ಲಿ ಹೇಳಿದ್ದರು. ಅದು ರಾಜ್ಯದೊಳಗೆ ಸಾಮಾನು ಮಾರುವವರ ಮಾತು. ಬೇರೆ ರಾಜ್ಯಕ್ಕೆ ಒಂದು ಪ್ಯಾಂಟ್ ಮಾರಿದರೂ ಮೊದಲೇ ನೋಂದಣಿ ಬೇಕು. ನಮಗೆ ಗುಂತಕಲ್, ಆದೋನಿ ಪಕ್ಕದ ಊರು. ಮದುವೆ ಮುಂಜಿಗೆ ಹೋಗಿ ಸಂಜೆಗೆ ಬರುತ್ತೇವೆ. ಆದರೆ ಲೆಕ್ಕದಲ್ಲಿ ಅದು ಆಂಧ್ರ. ನನಗೆ ಬಂದ ಮೊದಲ ಆರ್ಡರೇ ಗುಂತಕಲ್‌ನಿಂದ. ಖುಷಿಯಲ್ಲಿ ಕಳಿಸಿದ್ದೆ. ಆಮೇಲೆ ಟ್ಯಾಕ್ಸ್ ನೋಡುವವರೊಬ್ಬರು ಹೇಳಿದಾಗ ಎದೆ ಧಸಕ್ಕೆಂದಿತು.

ಈಗ ವಾಪಸ್ ಬಂದ ಮಾಲಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಜಾಸ್ತಿ ಜನ ಬೀಳುವುದು ಇಲ್ಲೇ.

ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕು ತಿಂಗಳಲ್ಲಿ 212 ಆರ್ಡರ್ ಬಂದವು. ಎಲ್ಲವೂ ಕ್ಯಾಶ್ ಆನ್ ಡೆಲಿವರಿ. ಅದರಲ್ಲಿ 87 ವಾಪಸ್ ಬಂದವು. ಫೋನ್ ಎತ್ತದವರು, ಮನೆಯಲ್ಲಿಲ್ಲ ಅಂದವರು, ದುಡ್ಡಿಲ್ಲ ನಾಳೆ ಬಾ ಅಂದವರು, ಹಾಕಿ ನೋಡಿ ಸೈಜ್ ಆಗಲಿಲ್ಲ ಅಂದವರು. ಒಂದು ಮಧ್ಯಾಹ್ನ ಕೊರಿಯರ್ ಹುಡುಗ ಒಂದೇ ಸಲ ಹನ್ನೊಂದು ಕವರ್ ತಂದು ಕಟ್ಟೆ ಮೇಲೆ ಇಟ್ಟು ಹೋದ. ದಾರ ಕತ್ತರಿಸುವ ಅದೇ ಕಟ್ಟರಿನಲ್ಲಿ ಒಂದೊಂದೇ ಕವರ್ ಬಿಚ್ಚಿದೆ. ಏಳನೆಯದರಲ್ಲಿ ಇದ್ದ ಪ್ಯಾಂಟಿಗೆ ಸೋಪಿನ ಪುಡಿಯ ವಾಸನೆ. ಕಾಲಿನ ತುದಿ ತಿರುಗಿಸಿ ನೋಡಿದೆ. ನಮ್ಮ ಯೂನಿಟ್‌ನಲ್ಲಿ ಅಲ್ಲಿಗೆ ಹಳದಿ ದಾರ ಹಾಕುತ್ತಾರೆ. ಅದರಲ್ಲಿ ಕಪ್ಪು ದಾರ ಇತ್ತು. ಯಾರೋ ಎರಡು ಇಂಚು ಕತ್ತರಿಸಿ, ಮಡಚಿ ಹೊಲಿಸಿ, ಎಲ್ಲಿಗೋ ಹಾಕಿಕೊಂಡು ಹೋಗಿ, ತೊಳೆದು, ಸೈಜ್ ಸರಿಯಿಲ್ಲ ಅಂತ ವಾಪಸ್ ಕಳಿಸಿದ್ದರು. ಒಂಬತ್ತನೆಯ ಕವರಿನಲ್ಲಿ ಜೀನ್ಸೇ ಇರಲಿಲ್ಲ. ಮಕ್ಕಳ ಹಳೇ ಚಡ್ಡಿ ಇತ್ತು. ಮಗಳು ಪಕ್ಕದಲ್ಲೇ ಕೂತು ಎಣಿಸುತ್ತಿದ್ದಳು. "ಅಮ್ಮ, ಇದು ಯಾರದು?" ಅಂದಳು. ಕೊರಿಯರ್‌ನವರಿಗೆ ಕೇಳಿದರೆ ಕವರ್ ಬಿಚ್ಚುವಾಗ ವಿಡಿಯೋ ಮಾಡಿದ್ದೀರಾ ಅಂದರು. ಮಾಡಿರಲಿಲ್ಲ.

ಎಲ್ಲ ತಪ್ಪನ್ನೂ ತಗೊಂಡವರ ಮೇಲೆ ಹಾಕಲಾರೆ. ಕ್ಲಾಸಿನವರು ಮಾಡಿಕೊಟ್ಟ ನನ್ನ ಆನ್‌ಲೈನ್ ಅಂಗಡಿಯ ಪೇಜಿನಲ್ಲಿ ಸೈಜ್ ಪಟ್ಟಿ ಅಂತ ಒಂದು ಇತ್ತು. ಅದನ್ನು ಕ್ಲಾಸಿನವರು ಎಲ್ಲರ ಪೇಜಿಗೂ ಒಂದೇ ರೀತಿ ಅಂಟಿಸಿದ್ದರು. ಜೀನ್ಸ್ ಹೊಲಿದ ಮೇಲೆ ವಾಷಿಂಗ್‌ಗೆ ಹೋಗುತ್ತೆ, ಅಲ್ಲಿ ಬಟ್ಟೆ ಕುಗ್ಗುತ್ತೆ. ಒಂದು ಲಾಟ್ ಕುಗ್ಗಿದಷ್ಟೇ ಇನ್ನೊಂದು ಕುಗ್ಗುವುದಿಲ್ಲ. ಒಂದು ರಾತ್ರಿ ನಮ್ಮ ಮನೆಯವರು ಟೇಪ್ ಹಿಡಿದು 32 ಅಂತ ಚೀಟಿ ಇದ್ದ ಆರು ಪ್ಯಾಂಟ್ ಅಳೆದರು. ಎರಡು 31, ಒಂದು 33. "ಇದನ್ನ ಅಳೀದ ಹೆಂಗ ಕಳಿಸಿದಿ?" ಅಂತ ಕೇಳಿದರು. ಅವರು ಕೇಳಿದ್ದು ಸರಿ. ಅಂಗಡಿಯಲ್ಲಾದರೆ ಗಿರಾಕಿ ಹಾಕಿ ನೋಡಿ ತಗೊಳ್ಳುತ್ತಾರೆ. ಇಲ್ಲಿ ನಮ್ಮ ಟೇಪನ್ನೇ ನಂಬಬೇಕು.

ಈಗ ಅದೇ 799ರ ಲೆಕ್ಕವನ್ನು ಪೂರ್ತಿ ಹಾಕಿ ನೋಡಿ. ಪ್ಯಾಂಟ್ 380. ಕವರ್, ಟೇಪಿಗೆ 12. ಕಳಿಸುವ ಕೊರಿಯರ್ 80. ಕ್ಯಾಶ್ ಆನ್ ಡೆಲಿವರಿ ಚಾರ್ಜ್ 40. ಒಂದು ಆರ್ಡರ್ ಬರಲು ಜಾಹೀರಾತಿಗೆ ಸರಾಸರಿ 120. ಕೈಗೆ ಉಳಿಯುವುದು 419 ಅಲ್ಲ, 167. ಅದೇ ಪ್ಯಾಂಟ್ ವಾಪಸ್ ಬಂದರೆ? ಕವರ್ 12, ಹೋಗುವ 80, ಬರುವ 70, ಜಾಹೀರಾತು 120. ಅಂದರೆ 282 ರೂಪಾಯಿ ನಮ್ಮ ಜೇಬಿನಿಂದ. ಹತ್ತರಲ್ಲಿ ಆರು ಮಾರಾಟ ಆಗಿ ನಾಲ್ಕು ವಾಪಸ್ ಬಂದರೆ ಬಂದದ್ದು 1,002, ಹೋದದ್ದು 1,128. ಹತ್ತು ಆರ್ಡರ್ ಬಂದ ಖುಷಿಯಲ್ಲಿ 126 ರೂಪಾಯಿ ಕಳಕೊಂಡು ಮಲಗುತ್ತೇವೆ. ಆರ್ಡರ್ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ನಾನು ಇದನ್ನು ಅರ್ಥ ಮಾಡಿಕೊಳ್ಳದೆ ಜಾಹೀರಾತಿನ ದುಡ್ಡು ಹೆಚ್ಚಿಸುತ್ತಾ ಹೋದೆ. ಗೋಡೆಯ ಮೇಲೆ ಒಂದು ಲಕ್ಷ ಅಂತ ಬರೆದಿತ್ತಲ್ಲ.

ನಾಲ್ಕು ತಿಂಗಳ ಕೊನೆಗೆ, ಮಾರಲು ಬಾರದಂತೆ ಹಾಳಾಗಿ ಬಂದ 19 ಪ್ಯಾಂಟನ್ನೂ ಸೇರಿಸಿದರೆ ಜೀನ್ಸ್ ಮಾರಿದ್ದರಲ್ಲೇ 10,879 ರೂಪಾಯಿ ಹೋಗಿತ್ತು. ಕ್ಲಾಸಿನ ಸಾಲ ಬೇರೆ.

ಕ್ಲಾಸಿನ ಗ್ರೂಪಿನಲ್ಲಿ ವಾಪಸ್ ಬರುವ ಮಾಲಿನ ಬಗ್ಗೆ ಕೇಳಿದೆ. "ನೆಗೆಟಿವ್ ಮಾತು ಬೇಡ ಮೇಡಂ" ಅಂದರು. ಇನ್ನೊಮ್ಮೆ ಕೇಳಿದಾಗ ನನ್ನನ್ನು ಗ್ರೂಪಿನಿಂದ ತೆಗೆದರು. ವೆಬ್‌ಸೈಟ್ ನೋಡಿಕೊಳ್ಳಲು ತಿಂಗಳಿಗೆ 1,499 ಕಟ್ಟಿ ಅಂತ ಹೊಸದಾಗಿ ಶುರು ಮಾಡಿದರು. ಕಟ್ಟಲ್ಲ ಅಂದೆ. ಎರಡನೇ ದಿನ ವೆಬ್‌ಸೈಟ್ ಬಂದ್. ನಮ್ಮ ಅಂಗಡಿಯ ವೆಬ್‌ಸೈಟಿನ ಹೆಸರು ಅವರ ಹೆಸರಲ್ಲಿ ನೋಂದಣಿ ಆಗಿತ್ತು. ಪೇಜಿನ ಅಡ್ಮಿನ್ ಅವರೇ. ನನ್ನ ಗಿರಾಕಿಗಳ ನಂಬರ್ ಇದ್ದದ್ದೂ ಅಲ್ಲೇ. "ಟೆಕ್ನಿಕಲ್ ತಲೆನೋವು ನಿಮಗೆ ಬೇಡ, ಎಲ್ಲಾ ನಮ್ಮ ಟೀಮ್ ನೋಡ್ಕೊಳ್ಳುತ್ತೆ" ಅಂದಾಗ ಪಾಪ ಎಷ್ಟು ಸಹಾಯ ಮಾಡ್ತಾರೆ ಅಂದುಕೊಂಡಿದ್ದೆ. ಬಾಡಿಗೆಗೆ ಅಂಗಡಿ ಹಿಡಿದರೆ ಬೀಗದ ಕೈ ಇಸ್ಕೊಳ್ಳುತ್ತೇವೆ ಅಲ್ವಾ? ಇಲ್ಲೂ ಹಾಗೇ. ವೆಬ್‌ಸೈಟಿನ ಹೆಸರು, ಪೇಜು, ಜಾಹೀರಾತಿನ ಖಾತೆ ಮೂರೂ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲೇ ಇರಬೇಕು.

ದೂರು ಕೊಡಲು ಹೋದಾಗ ಇನ್ನೊಂದು ಏಟು. ಗ್ರೂಪಿನ ಮೆಸೇಜ್‌ಗಳೆಲ್ಲ 24 ತಾಸಿಗೆ ತಾನಾಗಿ ಅಳಿಸಿಹೋಗುವಂತೆ ಇಟ್ಟಿದ್ದರು. "ಮೂರು ತಿಂಗಳಲ್ಲಿ ದುಡ್ಡು ವಾಪಸ್ ಗ್ಯಾರಂಟಿ" ಅಂತ ಹಾಕಿದ್ದ ಪೋಸ್ಟರ್ ಕೂಡ ಇಲ್ಲ. ಪುಣ್ಯಕ್ಕೆ ಅದನ್ನು ಮೊದಲ ದಿನ ನಮ್ಮ ಮನೆಯವರಿಗೆ ಕಳಿಸಿದ್ದೆ, ಅವರ ಫೋನಿನಲ್ಲಿ ಉಳಿದಿತ್ತು. ಅದನ್ನೂ ಕಂತಿನ ಕಾಗದವನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಕ್ಲಾಸಿನವರು ದುಡ್ಡು ಕೊಡಲ್ಲ ಅಂತ ಉತ್ತರ ಕೊಟ್ಟರು. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹಾಕಿದ್ದೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಫೀಸ್ ಇಲ್ಲ. ಕ್ಲಾಸಿನವರ ಆಫೀಸ್ ಯಾವ ಊರಲ್ಲೇ ಇರಲಿ, ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೇಸ್ ಇನ್ನೂ ನಡೆಯುತ್ತಿದೆ. ನಿಮ್ಮ ಖಾತೆಯಿಂದ ಗೊತ್ತಿಲ್ಲದೆ ಯಾರಾದರೂ ದುಡ್ಡು ಎಳೆದಿದ್ದರೆ ಮಾತ್ರ 1915 ಅಲ್ಲ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಪ್ಯಾಂಟಿನ ಫೋಟೋ ಬೆಳಕಲ್ಲಿ ಹೇಗೆ ತೆಗೆಯಬೇಕು ಅಂತ ಆ ಕ್ಲಾಸಿನಲ್ಲೇ ಕಲಿತೆ. ಅದು ಈಗಲೂ ಉಪಯೋಗಕ್ಕೆ ಬರುತ್ತಿದೆ. ಆದರೆ ಅಷ್ಟನ್ನು ಯೂಟ್ಯೂಬ್ ನೋಡಿಯೂ ಕಲಿಯಬಹುದಿತ್ತು.

ವ್ಯಾಪಾರ ಬಿಟ್ಟಿಲ್ಲ. ವಾಟ್ಸಾಪ್‌ನಲ್ಲಿ ಮಾತ್ರ ಮಾರುತ್ತೇನೆ, ಕರ್ನಾಟಕದೊಳಗೆ ಮಾತ್ರ, ದುಡ್ಡು ಮೊದಲೇ. ಪ್ರತಿ ಲಾಟ್ ಬಂದಾಗ ಟೇಪ್ ಇಟ್ಟು ಅಳೆದು, ಟೇಪ್ ಕಾಣುವಂತೆ ಫೋಟೋ ಹಾಕುತ್ತೇನೆ. ಹೋದ ತಿಂಗಳು 23 ಪ್ಯಾಂಟ್ ಹೋದವು, ಒಂದು ವಾಪಸ್ ಬಂತು. ಖರ್ಚು ಕಳೆದು ಕೈಗೆ ಉಳಿದದ್ದು 3,900. ಗೋಡೆಯ ಹಾಳೆ ತೆಗೆದಿದ್ದೇನೆ. ಈ ವರ್ಷದ ಪುಸ್ತಕದಲ್ಲಿ ಮತ್ತೆ 8,000 ಅಂತಲೇ ಬರೆದಿದ್ದೇನೆ. ಪಕ್ಕದಲ್ಲಿ ಉಳಿದ ಆರು ಕಂತಿನ ತಾರೀಖು.

ನಾದಿನಿ ಕ್ಲಾಸಿಗೆ ದುಡ್ಡು ಕಟ್ಟಲಿಲ್ಲ. ಅವಳು ಮಾರಬೇಕು ಅಂತಿರುವುದು ಶೇಂಗಾ ಚಟ್ನಿ ಪುಡಿ ಮತ್ತು ಖಡಕ್ ರೊಟ್ಟಿ. ನನ್ನ ಲೆಕ್ಕದ ಹಾಳೆಯ ಫೋಟೋ ಕಳಿಸಿ, ಇದೇ ರೀತಿ ನಿಂದು ಬರೆ ಅಂದಿದ್ದೆ. ಇವತ್ತು ಮಧ್ಯಾಹ್ನ ಬರೆದು ಕಳಿಸಿದ್ದಾಳೆ. ಶೇಂಗಾ, ಎಣ್ಣೆ, ಡಬ್ಬಿ, ಕೊರಿಯರ್ ಎಲ್ಲ ಇದೆ. "ದಾರಿಯಲ್ಲಿ ಮುರಿದ ರೊಟ್ಟಿ" ಅಂತ ಒಂದು ಸಾಲು ಬರೆದು ಮುಂದೆ ಖಾಲಿ ಬಿಟ್ಟಿದ್ದಾಳೆ. ನಾಳೆ ಹತ್ತು ರೊಟ್ಟಿ ಕಟ್ಟಿ ನಮ್ಮ ಮನೆಗೇ ಕೊರಿಯರ್ ಮಾಡಿ ನೋಡ್ತಾಳಂತೆ, ಎಷ್ಟು ಮುರಿದು ಬರ್ತಾವೆ ಅಂತ.