ಒಂದೇ ಶೆಡ್ಡಿನಲ್ಲಿ ಮಸ್ಟ್ಯಾಂಗ್ ಮತ್ತು ಬಾಕ್ಸ್‌ಸ್ಟರ್: ಆರು ವರ್ಷಗಳ ಬಳಕೆಯ ಅನುಭವ

ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ನಮ್ಮ ದ್ರಾಕ್ಷಿ ತೋಟದ ಪಕ್ಕದ ಶೆಡ್ಡಿನಲ್ಲಿ ನನ್ನ ಎರಡು ಸ್ಪೋರ್ಟ್ಸ್ ಕಾರುಗಳು ನಿಲ್ಲುತ್ತವೆ. ಫೋರ್ಡ್ ಮಸ್ಟ್ಯಾಂಗ್ ಜಿಟಿ 2019ರಲ್ಲಿ ಬಂತು, ಪೋರ್ಷೆ 718 ಬಾಕ್ಸ್‌ಸ್ಟರ್ 2021ರಲ್ಲಿ. ಎರಡೂ ಸೆಕೆಂಡ್ ಹ್ಯಾಂಡ್, ಎರಡೂ ಕರ್ನಾಟಕದಲ್ಲೇ ನೋಂದಣಿಯಾದವು. ಬೇಕೆಂದೇ ಹಾಗೆ ಹುಡುಕಿ ಕೊಂಡೆ. 20 ಲಕ್ಷ ರೂಪಾಯಿ ದಾಟಿದ ಕಾರಿಗೆ ನಮ್ಮಲ್ಲಿ ಜೀವಾವಧಿ ತೆರಿಗೆಯೇ ಶೇ 18, ಅದರ ಮೇಲೆ ಸೆಸ್. ಹೊರರಾಜ್ಯದ ಕಾರು ಎಷ್ಟೇ ಅಗ್ಗವಾಗಿ ಕಂಡರೂ ಈ ಲೆಕ್ಕ ಹಾಕಿದ ಮೇಲೆ ಆಸೆ ತಣ್ಣಗಾಗುತ್ತದೆ.

ಒಂದಿದ್ದ ಮೇಲೆ ಇನ್ನೊಂದು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮಸ್ಟ್ಯಾಂಗ್‌ನ ಮೂತಿಯಲ್ಲಿ 5 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ ಇದೆ, ಸುಮಾರು 400 ಅಶ್ವಶಕ್ತಿ. ಚಳಿಗಾಲದ ಬೆಳಿಗ್ಗೆ ಶುರು ಮಾಡಿದರೆ ಮೊದಲು ಗಟ್ಟಿಯಾಗಿ ಗುಡುಗಿ, ನಿಧಾನಕ್ಕೆ ಇಳಿದು, ಸ್ಟೀರಿಂಗ್ ಹಿಡಿದ ಬೆರಳುಗಳಿಗೆ ಸಣ್ಣ ನಡುಕವೊಂದನ್ನು ಮುಟ್ಟಿಸುತ್ತದೆ. ಬಾಗೇಪಲ್ಲಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಅದರಷ್ಟು ನೆಮ್ಮದಿ ಕೊಡುವ ಕಾರನ್ನು ನಾನು ಓಡಿಸಿಲ್ಲ. ಆದರೆ ನಂದಿಬೆಟ್ಟದ ತಿರುವುಗಳಲ್ಲಿ ಅದೇ ಕಾರನ್ನು ಪುಸಲಾಯಿಸಿ ತಿರುಗಿಸಬೇಕು. ಬಾಕ್ಸ್‌ಸ್ಟರ್‌ನ 2 ಲೀಟರ್, ನಾಲ್ಕು ಸಿಲಿಂಡರಿನ ಎಂಜಿನ್ ಸೀಟಿನ ಬೆನ್ನ ಹಿಂದೆಯೇ ಕೂತಿದೆ. ತೂಕ ನಡುವಿನಲ್ಲಿರುವುದರಿಂದ ಕಣ್ಣು ಹೋದ ಕಡೆ ಕಾರು ಹೋಗುತ್ತದೆ. ಪೆರೇಸಂದ್ರದಲ್ಲಿ ಹೆದ್ದಾರಿ ಬಿಟ್ಟು ಗುಡಿಬಂಡೆಗೆ ಹೋಗುವ ರಸ್ತೆಯಲ್ಲಿ, ಬೆಳಿಗ್ಗೆ ಆರು ಗಂಟೆಗೆ, ಮಡಚಬಹುದಾದ ಟಾಪ್ ತೆಗೆದು ಮೂರನೇ ಗೇರಿನಲ್ಲಿ ಸಾಗಿದರೆ ಸಾಕು, ವೇಗವೇ ಬೇಕಾಗಿಲ್ಲ. ಇದನ್ನು ಓಡಿಸಿದ ಮೇಲೆಯೇ ಮಸ್ಟ್ಯಾಂಗ್ ಯಾವುದಕ್ಕಾಗಿ ಹುಟ್ಟಿದ ಕಾರು ಎಂಬುದು ನನಗೆ ಸರಿಯಾಗಿ ಅರ್ಥವಾಯಿತು. ಅಲ್ಲಿಯವರೆಗೆ ಅದರಲ್ಲಿ ಇಲ್ಲದ್ದನ್ನು ಹುಡುಕುತ್ತಿದ್ದೆ.

ಬಾಕ್ಸ್‌ಸ್ಟರ್‌ನ ಎಂಜಿನ್ ಕಣ್ಣಿಗೆ ಬೀಳುವುದೇ ಇಲ್ಲ. ಹಿಂದಿನ ಡಿಕ್ಕಿಯಲ್ಲಿ ಆಯಿಲ್‌ಗೆ ಒಂದು ಮುಚ್ಚಳ, ಕೂಲಂಟ್‌ಗೆ ಒಂದು ಮುಚ್ಚಳ, ಅಷ್ಟೇ. ಮುಂದಿನ ಬಾನೆಟ್ ಎತ್ತಿದರೆ ಅಲ್ಲೂ ಡಿಕ್ಕಿ. ಪಕ್ಕದ ತೋಟದ ಹಿರಿಯರು ಬಗ್ಗಿ ನೋಡಿ, ‘ಎಂಜಿನ್ ಎಲ್ಲಿಟ್ಟಿದ್ದಾರಪ್ಪ ಇದಕ್ಕೆ?’ ಎಂದು ಕೇಳಿದ್ದರು. ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದೆ. ಇಳಿಯುವಾಗ ಬೆನ್ನು ಮುಟ್ಟಿಕೊಂಡು ‘ಇಲ್ಲಿದೆ’ ಎಂದರು. ಆ ಮುಂದಿನ ಡಿಕ್ಕಿಯಲ್ಲಿ ಈಗ ದಿಲ್‌ಖುಷ್ ದ್ರಾಕ್ಷಿಯ ಪೆಟ್ಟಿಗೆ ನೆಂಟರ ಮನೆಗಳಿಗೆ ಹೋಗುತ್ತದೆ.

ಎರಡು ಕಾರು ಇಟ್ಟುಕೊಳ್ಳುವವರು ತಿಳಿಯಲೇಬೇಕಾದ ವಿಷಯ ಬೇರೆ ಇದೆ. ಓಡುವ ಕಾರಿಗಿಂತ ನಿಂತ ಕಾರು ಬೇಗ ಹಾಳಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮಸ್ಟ್ಯಾಂಗ್ ಎರಡು ತಿಂಗಳು ನಿಂತಿತ್ತು; ಅಲಾರಂ ಮತ್ತು ಕಂಪ್ಯೂಟರುಗಳು ಸದಾ ಕರೆಂಟು ಎಳೆಯುವುದರಿಂದ ಬ್ಯಾಟರಿ ಪೂರ್ತಿ ಸತ್ತುಹೋಯಿತು. ಆಗ ದಿನ ಬಿಟ್ಟು ದಿನ ಐದು ನಿಮಿಷ ಎಂಜಿನ್ ಶುರು ಮಾಡಿ ನಿಲ್ಲಿಸುವ ಅಭ್ಯಾಸ ಮಾಡಿಕೊಂಡೆ. ಅದೂ ತಪ್ಪು. ಆಯಿಲ್ ಸರಿಯಾಗಿ ಕಾಯುವುದಿಲ್ಲ, ಒಳಗಿನ ತೇವ ಆರುವುದಿಲ್ಲ. ಈಗ ಎರಡಕ್ಕೂ ಬ್ಯಾಟರಿ ಚಾರ್ಜರ್ ಇದೆ, ಹತ್ತು ದಿನಕ್ಕೊಮ್ಮೆ ಒಂದೊಂದನ್ನೂ ಕಡಿಮೆಯೆಂದರೆ 30 ಕಿಲೋಮೀಟರ್ ಓಡಿಸುತ್ತೇನೆ. ಎಥನಾಲ್ ಬೆರೆತ ಪೆಟ್ರೋಲ್ ಟ್ಯಾಂಕಿನ ಖಾಲಿ ಜಾಗದ ಗಾಳಿಯಿಂದ ತೇವ ಹೀರುತ್ತದೆ, ಹಾಗಾಗಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸುತ್ತೇನೆ.

ಟೈರಿನ ಪಾಠ ಇನ್ನೂ ದುಬಾರಿಯದು. ಮಸ್ಟ್ಯಾಂಗ್‌ನ ಹಿಂದಿನ ಟೈರುಗಳಲ್ಲಿ ಗೆರೆಗಳು ಹೊಸದರಂತಿದ್ದವು. ಒಂದು ದಿನ ತೊಳೆಯುವಾಗ ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಕಂಡವು. ಅಚ್ಚಾಗಿದ್ದ ಸಂಖ್ಯೆ 1216, ಅಂದರೆ 2016ರ 12ನೇ ವಾರದಲ್ಲಿ ತಯಾರಾದದ್ದು. ಸವೆಯದೇ ಮುದಿಯಾಗಿದ್ದವು. ನಾಲ್ಕನ್ನೂ ಬದಲಿಸಿದೆ.

ತೋಟದ ಪಕ್ಕ ಎಂದ ಮೇಲೆ ಇಲಿ ಇದ್ದೇ ಇರುತ್ತದೆ. ಬಾಕ್ಸ್‌ಸ್ಟರ್‌ನ ಒಂದು ವೈರನ್ನು ಕಡಿದು ಹಾಕಿದ್ದವು. ಶೆಡ್ಡಿನ ಬಾಗಿಲ ಕೆಳಗೆ ತಗಡು ಬಡಿಸಿ, ರಾತ್ರಿ ದೀಪ ಉರಿಸತೊಡಗಿದ ಮೇಲೆ ಕಾಟ ನಿಂತಿದೆ.

ಇನ್ನು ಹಂಪ್ಸ್. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಳ್ಳಿಗಳ ಮುಂದೆ ಇರುವುದು ಒಂದು ಮೊಳ ಅಗಲದ ದಿಬ್ಬ. ಮಸ್ಟ್ಯಾಂಗ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2,720 ಮಿಲಿಮೀಟರ್, ಹಾಗಾಗಿ ನೇರ ಹತ್ತಿಸಿದರೆ ಹೊಟ್ಟೆ ತಗಲುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಇಳಿಸಿ ದಾಟಬೇಕು. 2,475 ಮಿಲಿಮೀಟರಿನ ಬಾಕ್ಸ್‌ಸ್ಟರ್‌ಗೆ ಈ ಕಷ್ಟ ಕಡಿಮೆ.

ಸರ್ವಿಸ್‌ಗೆ ಬೆಂಗಳೂರಿಗೇ ಹೋಗಬೇಕು, ಒಂದು ದಿನ ಹೋಗುತ್ತದೆ. ವಿಮೆ ವರ್ಷಕ್ಕೆ ಎರಡು ಬಾರಿ ಜೇಬು ಮುಟ್ಟುತ್ತದೆ. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದಾಗ, ಬಿಡಿಭಾಗಗಳ ಚಿಂತೆಯಿಂದ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಮಸ್ಟ್ಯಾಂಗ್ ಮೊದಲಿನಿಂದಲೂ ಆಮದು ಕಾರೇ ಆದರೂ ಆ ಹೆಸರಿನ ಬೋರ್ಡುಗಳು ಕಡಿಮೆಯಾಗುವುದು ಮನಸ್ಸಿಗೆ ತಟ್ಟಿತು.

ನೀವು ಎರಡನೆಯದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ, ಬ್ಯಾಂಕ್ ಖಾತೆ ನೋಡುವ ಮೊದಲು ಕಳೆದ ಮೂರು ತಿಂಗಳಲ್ಲಿ ಮೊದಲ ಕಾರನ್ನು ಎಷ್ಟು ಬೆಳಗಿನ ಹೊತ್ತು ಹೊರತೆಗೆದಿರಿ ಎಂದು ಎಣಿಸಿ. ಹತ್ತಕ್ಕಿಂತ ಕಡಿಮೆಯಿದ್ದರೆ ಬೇಡ. ಗುಣದಲ್ಲಿ ಮೊದಲನೆಯದರಂತೆಯೇ ಇರುವ ಕಾರೂ ಬೇಡ. ಮೂರನೆಯದೊಂದು ನನಗೂ ಒಳ್ಳೆಯ ಬೆಲೆಗೆ ಬಂದಿತ್ತು, ಭಾನುವಾರಗಳನ್ನು ಲೆಕ್ಕ ಹಾಕಿ ಬಿಟ್ಟುಬಿಟ್ಟೆ. ಕಳೆದ ತಿಂಗಳು ಒಬ್ಬರು ಮಸ್ಟ್ಯಾಂಗ್‌ಗೆ ನಾನು ಕೊಟ್ಟದ್ದಕ್ಕಿಂತ ಹೆಚ್ಚು ಹೇಳಿದರು. ಅವರಿಗೆ ಒಮ್ಮೆ ಶುರು ಮಾಡಿ ಕೇಳಿಸಿದೆ, ಕಾಫಿ ಕೊಟ್ಟೆ, ಕಾರು ಕೊಡಲಿಲ್ಲ.